ಅಪ್ಪ ಹೊತ್ತು ತಂದ ಕುಂಬಳಕಾಯಿ

ಹಸಿ ಕುಂಬಳಕಾಯಿಗೂ ಒಂದು ವಾಸನೆ ಇರುತ್ತದೆ ಎಂದರೆ ನೀವು ನಗಬಹುದು. ಮಲ್ಲಿಗೆಗೆ ಇರುತ್ತದೆ, ಮಾವಿಗೆ ಇರುತ್ತದೆ, ಹೊಸ ಪುಸ್ತಕಕ್ಕೂ ಇರುತ್ತದೆ. ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಕುಂಬಳಕಾಯಿಯ ವಾಸನೆಗಾಗಿ ಯಾರೂ ತಲೆ ಕೆಡಿಸಿಕೊಂಡಂತಿಲ್ಲ. ಆದರೆ ಚೆನ್ನಾಗಿ ಬಲಿತ ಕಾಯನ್ನು ಈಳಿಗೆಗೆ ಕೊಟ್ಟು ಎರಡು ಹೋಳು ಮಾಡಿದ ಗಳಿಗೆಯಲ್ಲಿ, ಒಳಗಿನ ಎಳೆಎಳೆಯಾದ ತಿರುಳಿನಿಂದ ತಣ್ಣನೆಯ, ತುಸು ಸಿಹಿಯಾದ ಒಂದು ವಾಸನೆ ಏಳುತ್ತದೆ. ಇರುವುದು ಒಂದೆರಡು ನಿಮಿಷ ಮಾತ್ರ. ಆಮೇಲೆ ಅದು ಬರೀ ಕಾಯಿಪಲ್ಲೆ.

ಕಳೆದ ವಾರ ಹಿರೇಕೆರೂರಿನ ಸಂತೆಯಲ್ಲಿ ನನಗೆ ಈ ವಾಸನೆ ಸಿಕ್ಕಿತು. ನಾನು ಕುಂಬಳಕಾಯಿ ಕೊಳ್ಳಲು ಹೋಗಿರಲಿಲ್ಲ. ಅಂದು ಬೆಳಿಗ್ಗೆ, ನಾನು ಚಿಕ್ಕಂದಿನಲ್ಲಿ ಕಲಿತ ಹಾನಗಲ್ಲಿನ ಮಿಷನ್ ಶಾಲೆಯಿಂದ ಸ್ನೇಹಲತಾ ಎಂಬ ಹೊಸ ಟೀಚರು ಸ್ಕೂಟಿಯ ಮೇಲೆ ಬಂದು, ಹಳೆಯ ವಿದ್ಯಾರ್ಥಿಗಳಿಗೆಂದು ಅಚ್ಚು ಹಾಕಿಸಿದ ಒಂದು ಚೀಟಿ ಕೊಟ್ಟು ಹೋಗಿದ್ದಳು. ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಮಾಡುವ ಫಕೀರವ್ವನ ಮನೆಯ ಗೋಡೆ ಮಳೆಗೆ ಬಿದ್ದಿದೆ, ಅವಳ ಕುಟುಂಬಕ್ಕಾಗಿ ಭಾನುವಾರ ಶಾಲೆಯ ಅಂಗಳದಲ್ಲಿ ಲಿಲಾವು ಇದೆ, ಕೈಲಾದ ಒಂದು ವಸ್ತು ತನ್ನಿ ಎಂದು ಅದರಲ್ಲಿತ್ತು. ಬರಿಗೈಯಲ್ಲಿ ಹೋಗಬಾರದಲ್ಲ ಎಂದು ಸಂತೆಗೆ ಹೋದೆ. ಒಬ್ಬ ಹೆಂಗಸು ಯಾರಿಗೋ ಅರ್ಧ ಕಾಯಿ ಕೊಯ್ದು ಕೊಟ್ಟಳು. ನಾನು ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. "ಅಕ್ಕೋರ, ತಗೊಳ್ಳೋದಿದ್ರ ತಗೊಳ್ರಿ, ಬಿಸಲಾಗ ಯಾಕ ನಿಂತೀರಿ?" ಎಂದಳು ಅವಳು. ಮೂವತ್ತು ವರ್ಷ ಇದೇ ಹಿರೇಕೆರೂರಿನಲ್ಲಿ ಮಕ್ಕಳಿಗೆ ಮಗ್ಗಿ ಕಲಿಸಿ ನಿವೃತ್ತಳಾದವಳು ನಾನು. ಸಂತೆಯ ನಡುವೆ ಕುಂಬಳಕಾಯಿ ನೋಡಿ ಕಣ್ಣು ಒರೆಸಿಕೊಂಡೆ ಎಂದು ಹೇಳಿದರೆ ನನ್ನ ಹಳೆಯ ವಿದ್ಯಾರ್ಥಿಗಳು ನಂಬುವುದಿಲ್ಲ.

ಲಿಲಾವು ಎಂದರೆ ಹರಾಜು. ನಮ್ಮ ಕಡೆ ಹಾಗೆನ್ನುತ್ತಾರೆ. ಆ ಶಾಲೆಯ ಲಿಲಾವಿನ ಕಥೆ ಹೇಳಬೇಕೆಂದರೆ ಮೊದಲು ಸುಗಂಧಾಳ ಕಥೆ ಹೇಳಬೇಕು.

ಸುಗಂಧಾ ಮತ್ತು ನಾನು ಐದನೆಯ ಇಯತ್ತೆಯಿಂದ ಒಂದೇ ಬೆಂಚಿನವರು. ನಾವು ವಿಭೂತಿ ಹಚ್ಚುವ ಮನೆಯವರು, ಅಪ್ಪನದು ಪೇಟೆಯಲ್ಲಿ ದಲಾಲಿ ಅಂಗಡಿ. ಆ ಶಾಲೆಯಲ್ಲಿ ನಮ್ಮಂಥ ಮಕ್ಕಳೇ ಹೆಚ್ಚು. ಚರ್ಚಿಗೆ ಹೋಗುವ ಮನೆಗಳು ಊರಲ್ಲಿ ಇಪ್ಪತ್ತೋ ಇಪ್ಪತ್ತೈದೋ ಇದ್ದವು. ಸುಗಂಧಾಳ ಅಪ್ಪ ದಾನಪ್ಪ ಶಾಲೆಯ ಗಂಟೆ ಬಾರಿಸುವವನು. ಅವ್ವ ಎಸ್ತರವ್ವ ಮಕ್ಕಳ ಸಮವಸ್ತ್ರ ಹೊಲಿಯುವವಳು. ನನ್ನ ನೀಲಿ ಲಂಗದ ಒಳಮಡಿಕೆಯಲ್ಲಿ ಎಸ್ತರವ್ವ ಯಾವಾಗಲೂ ನಾಲ್ಕು ಬೆರಳು ಬಟ್ಟೆ ಹೆಚ್ಚಿಗೆ ಬಿಡುತ್ತಿದ್ದಳು. "ಈ ಹುಡುಗಿ ಬಳ್ಳಿ ಬೆಳದಂಗ ಬೆಳಿತೈತಿ" ಎನ್ನುತ್ತಿದ್ದಳು. ಸುಗಂಧಾ ಕುಳ್ಳಿ. ನಾನು ಉದ್ದ. ಮಾಸ್ತರರು ಬೋರ್ಡಿನ ಮೇಲೆ ಬರೆದದ್ದನ್ನು ನಾನು ಓದಿ ಹೇಳಬೇಕು, ಅವಳು ಬರೆದುಕೊಳ್ಳಬೇಕು, ಆಮೇಲೆ ಅವಳ ದುಂಡು ಅಕ್ಷರ ನೋಡಿ ನಾನು ನಕಲು ಮಾಡಬೇಕು. ಇದು ನಮ್ಮ ಒಪ್ಪಂದ. ನನಗೆ ಅಂಥ ಗೆಳತಿ ಆಮೇಲೆ ಸಿಗಲಿಲ್ಲ. ಇದನ್ನು ಸುತ್ತಿ ಬಳಸಿ ಹೇಳುವ ವಯಸ್ಸು ನನ್ನದಲ್ಲ.

ಅವರ ಮನೆ ಶಾಲೆಯ ಹಿಂದಿನ ಓಣಿಯಲ್ಲಿ ಹುಲ್ಲು ಹೊದಿಸಿದ ಬಾಡಿಗೆ ಮನೆ. ಹಿತ್ತಲಲ್ಲಿ ಬಾವಿಗೆ ಹೋಗುವ ದಾರಿಯ ಬೇಲಿಯ ಮೇಲೆ ಒಂದು ಕುಂಬಳ ಬಳ್ಳಿ ಹಬ್ಬಿತ್ತು. ಅದರ ಕಾಯಿ ಪೇಟೆಯಲ್ಲಿ ಬರುವಂಥದ್ದಲ್ಲ. ರೊಟ್ಟಿ ಬಡಿಯಲು ಮಾಡಿಟ್ಟ ಹಿಟ್ಟಿನ ಉಂಡೆಯನ್ನು ಅಂಗೈಯಿಂದ ಒತ್ತಿದಂತೆ ಚಪ್ಪಟೆ, ಸುತ್ತಲೂ ಆಳವಾದ ಗೆರೆ. ದಾನಪ್ಪನ ತಾಯಿ ಮದುವೆಯಾಗಿ ಬರುವಾಗ ತವರಿನಿಂದ ಸೆರಗಿನ ಗಂಟಿನಲ್ಲಿ ತಂದ ಬೀಜವಂತೆ ಅದು. ಆ ಮುದುಕಿ ತೀರಿಕೊಂಡಿದ್ದರೂ ಮನೆಯವರು "ಅಮ್ಮನ ಬಳ್ಳಿಗೆ ನೀರು ಹಾಕು" ಎಂದೇ ಹೇಳುತ್ತಿದ್ದರು.

ನಾವು ಏಳನೆಯ ಇಯತ್ತೆಯಲ್ಲಿದ್ದಾಗ, ಒಂದು ಬೇಸಿಗೆಯ ಮಧ್ಯಾಹ್ನ ಪಕ್ಕದ ಮನೆಯ ಬಣವೆಗೆ ಬಿದ್ದ ಕಿಡಿ ಗಾಳಿಗೆ ಹಾರಿ ಆ ಹುಲ್ಲಿನ ಮನೆಯನ್ನು ಹಿಡಿಯಿತು. ದಾನಪ್ಪನೇ ಓಡಿ ಬಂದು ಶಾಲೆಯ ಗಂಟೆಯನ್ನು ಒಂದೇ ಸಮ ಬಾರಿಸಿದ. ನಾವು ಶಾಲೆ ಬಿಟ್ಟಿತೆಂದು ಖುಷಿಯಿಂದ ಚೀಲ ಹೆಗಲಿಗೆ ಹಾಕಿಕೊಂಡೆವು. ಸುಗಂಧಾ ಕೂಡ ಹಾಕಿಕೊಂಡಳು. ಹೊರಗೆ ಬಂದು ನೋಡಿದರೆ ಹೊಗೆ. ಯಾರಿಗೂ ಏನೂ ಆಗಲಿಲ್ಲ, ಆದರೆ ಮನೆಯಲ್ಲಿದ್ದದ್ದು ಒಂದೂ ಉಳಿಯಲಿಲ್ಲ. ಹೊಲಿಗೆ ಯಂತ್ರದ ಕಬ್ಬಿಣ ಕಪ್ಪಾಗಿ ಸೊಟ್ಟಗಾಗಿ ಬಿದ್ದಿತ್ತು. ಬಾವಿಯಿಂದ ಕೊಡ ಹೊತ್ತು ಓಡಾಡಿದವರ ಕಾಲಿಗೆ ಸಿಕ್ಕು ಅಮ್ಮನ ಬಳ್ಳಿ ಬುಡಸಹಿತ ಕಿತ್ತುಹೋಗಿತ್ತು. ಬೇಲಿಯ ಆಚೆ ಬದಿಗೆ ಇಳಿಬಿದ್ದಿದ್ದ ಒಂದೇ ಒಂದು ಬಲಿತ ಕಾಯಿ ಉಳಿದುಕೊಂಡಿತ್ತು.

ಮನೆಯ ಮಾಲಕ ಮತ್ತೆ ಕಟ್ಟಿಸುವುದಿಲ್ಲ ಎಂದ. ಎಸ್ತರವ್ವನ ತಮ್ಮ ಹರಿಹರದಲ್ಲಿದ್ದ. ಬಂದುಬಿಡಿ ಎಂದು ಹೇಳಿ ಕಳಿಸಿದ. ನಮ್ಮ ಮುಖ್ಯೋಪಾಧ್ಯಾಯಿನಿ ಕರುಣಾಬಾಯಿಯವರು, ನಾವೆಲ್ಲ 'ದೊಡ್ಡ ಅಕ್ಕೋರು' ಎನ್ನುತ್ತಿದ್ದವರು, ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳ ಮುಂದೆ ನಿಂತು ಹೇಳಿದರು: "ಕಂಪೌಂಡಿನ ಮೂಲ್ಯಾಗ ಒಂದು ಖೋಲಿ ಗ್ವಾಡಿ ನಿಂತಾವು. ಅದಕ್ಕ ಹಂಚು ಬೇಕು. ಎಸ್ತರವ್ವಗ ಒಂದು ಮಷಿನ್ ಬೇಕು. ಇವೆರಡು ಆದ್ರ ದಾನಪ್ಪ ಇಲ್ಲೇ ಇರ್ತಾನ. ಆಗಲಿಲ್ಲಂದ್ರ ಮಳಿಗಾಲಕ್ಕಿಂತ ಮೊದಲ ಹೋಗ್ತಾನ. ಭಾನುವಾರ ಲಿಲಾವು ಮಾಡೋಣು. ನಿಮ್ಮ ಅಪ್ಪ ಅವ್ವನ್ನ ಕರ್ಕೊಂಡು ಬರ್ರಿ." ನಾನು ಪಕ್ಕದಲ್ಲಿ ನಿಂತಿದ್ದ ಸುಗಂಧಾಳ ಕಡೆ ನೋಡಿದೆ. ಅವಳು ತನ್ನ ಕಾಲಿನ ಬೆರಳು ನೋಡಿಕೊಳ್ಳುತ್ತಿದ್ದಳು. ಅಷ್ಟು ಜನರ ಮುಂದೆ ತನ್ನ ಮನೆಯ ಮಾತು ಆಡುವುದನ್ನು ಕೇಳಿಸಿಕೊಂಡು ನಿಲ್ಲುವುದು ಎಷ್ಟು ಕಷ್ಟ ಎಂದು ನನಗೆ ಆಗ ತಿಳಿದಿರಲಿಲ್ಲ. ನನಗೆ ತಿಳಿದದ್ದು ಒಂದೇ, ಹಂಚು ಬರದಿದ್ದರೆ ಬೆಂಚಿನಲ್ಲಿ ನಾನೊಬ್ಬಳೇ.

ಮನೆಗೆ ಹೋಗಿ ಅಪ್ಪನ ಬೆನ್ನು ಹತ್ತಿದೆ. "ಅಪ್ಪಾ, ನೀ ಬರಲಿಲ್ಲಂದ್ರ ಸುಗಂಧಾ ಊರು ಬಿಟ್ಟು ಹೋಗ್ತಾಳ." ಅಪ್ಪ ಸವಣೂರಿನ ಎಲೆಗೆ ಸುಣ್ಣ ಸವರುತ್ತಾ, "ಲಿಲಾವಿಗೆ ನನ್ನ ಕರೀಬೇಕೇನವಾ? ದಿನಾ ಮಾಡೋದ ಅದ" ಎಂದು ನಕ್ಕ. ಅದು ನಿಜವೇ. ಭತ್ತ, ಅಡಿಕೆ, ಬೆಲ್ಲ, ಹಾನಗಲ್ಲಿನ ಪೇಟೆಯಲ್ಲಿ ಅಪ್ಪನ ಕೂಗಿಗೆ ತೂಕ ಇತ್ತು. ಪೇಟೆಯ ಲಿಲಾವಿಗೆ ಒಂದು ರೀತಿ ಇದೆ. ಕೂಗಿದ ಮೇಲೆ ಮಾಲು ಎತ್ತಲೇಬೇಕು. ಕೂಗಿ, ಆಮೇಲೆ ಮಾಲನ್ನು ಅಲ್ಲೇ ಬಿಟ್ಟು ಹೋದರೆ ಅದು ಬೆಳೆದ ರೈತನಿಗೆ ಮಾಡಿದ ಅಪಮಾನ. ನಿನ್ನ ಮಾಲು ನನ್ನ ಅಂಗಡಿಗೆ ಸಲ್ಲದು ಎಂದ ಹಾಗೆ. ಆದ್ದರಿಂದ ಅಪ್ಪ ಮೊದಲ ಚೀಲವನ್ನು ಯಾವಾಗಲೂ ತನ್ನ ಕೈಯಾರೆ ಎತ್ತಿಸಿ ಗಾಡಿಗೆ ಹಾಕಿಸುತ್ತಿದ್ದ.

ಚರ್ಚಿನವರ ಲಿಲಾವಿನ ರೀತಿ ಬೇರೆ. ಅಲ್ಲಿ ಕೊಂಡವರು ವಸ್ತುವನ್ನು ಒಯ್ಯುವುದಿಲ್ಲ. ದುಡ್ಡು ಕೊಟ್ಟು, ವಸ್ತುವನ್ನು ಮೇಜಿನ ಮೇಲೆ ತಿರುಗಿ ಇಟ್ಟು, "ತಿರುಗಿ ಹಚ್ರಿ" ಎನ್ನುತ್ತಾರೆ. ಮತ್ತೆ ಕೂಗು ನಡೆಯುತ್ತದೆ. ಮತ್ತೊಬ್ಬರು ಕೊಳ್ಳುತ್ತಾರೆ, ಅವರೂ ತಿರುಗಿ ಹಚ್ಚುತ್ತಾರೆ. ಹೀಗೆ ಒಂದು ತೆಂಗಿನಕಾಯಿ ಏಳೆಂಟು ಸಲ ಮಾರಾಟವಾಗುತ್ತದೆ. ಆ ಭಾನುವಾರ ಬೆಳಗಿನಿಂದ ಬೇವಿನ ಮರದ ಕೆಳಗೆ ಕೂತು ನಾನು ಇದನ್ನು ಕಣ್ಣಾರೆ ನೋಡಿದೆ. ಡ್ರಾಯಿಂಗ್ ಕಲಿಸುವ ಸಮಾಧಾನಪ್ಪ ಮಾಸ್ತರರು ಮೇಜಿನ ಹಿಂದೆ ನಿಂತು "ಒಂದು ಸಲ, ಎರಡು ಸಲ" ಎಂದು ಕೂಗುತ್ತಿದ್ದರು. ಯಾರೋ ತಂದ ಒಂದು ಜವಾರಿ ಕೋಳಿಯ ತತ್ತಿ ಅಷ್ಟು ಜನರ ಕೈ ತಿರುಗಿ ತಿರುಗಿ ಕೊನೆಗೆ ಕಂಪೌಂಡರ್ ಯೋಹಾನಪ್ಪನ ಕೈಯಿಂದ ಜಾರಿ ಒಡೆಯಿತು. "ಒಡದ ತತ್ತಿ, ಯಾರ ಕೂಗ್ತೀರಿ?" ಎಂದರು ಮಾಸ್ತರರು ಒಂದು ಚೂರೂ ನಗದೆ. ಅದಕ್ಕೂ ಒಬ್ಬರು ಕೂಗಿದರು. ಅಷ್ಟು ನಗು ಒಂದು ಸುಟ್ಟ ಮನೆಯ ಸಲುವಾಗಿ ಸೇರಿದ ಜನರ ನಡುವೆ ಎಲ್ಲಿಂದ ಬಂತೋ! ಸುಗಂಧಾ ಕೂಡ ನಕ್ಕಳು. ಬೆಂಕಿ ಬಿದ್ದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಎಸ್ತರವ್ವ ಆ ಒಂದೇ ಒಂದು ಕುಂಬಳಕಾಯನ್ನು ಒರೆಸಿ ತಂದು ಮೇಜಿನ ಮೇಲೆ ಇಟ್ಟಳು. ದೊಡ್ಡ ಅಕ್ಕೋರು, "ನಿಮ್ಮ ಸಲುವಾಗಿ ಮಾಡಾಕತ್ತೇವಿ, ನೀವ್ಯಾಕ ತಂದ್ರಿ?" ಎಂದರು. "ಎಲ್ಲಾರೂ ತಂದಾರ್ರಿ. ನಾವು ಬರಿಗೈಲೆ ಹೆಂಗ ಬರೋದ್ರಿ?" ಎಂದಳು ಎಸ್ತರವ್ವ. ಅದು ಐದಾರು ಸಲ ತಿರುಗಿತು. ಎಲ್ಲ ವಸ್ತುಗಳಿಗಿಂತ ಅದಕ್ಕೇ ಜೋರು ಕೂಗು.

ಅಪ್ಪ ಬಂದದ್ದು ಆವಾಗ. ಶಿಗ್ಗಾವಿಯಲ್ಲಿ ಯಾರದೋ ಮನೆಯ ಕಾರ್ಯ ಮುಗಿಸಿಕೊಂಡು ಬಸ್ಸಿಳಿದು ನೇರ ಬಂದಿದ್ದ. ಬಿಳಿ ಧೋತರ, ಟೊಪ್ಪಿಗೆ, ಹೆಗಲ ಮೇಲೆ ವಲ್ಲಿ, ಹಣೆಯ ಮೇಲೆ ವಿಭೂತಿ. ಗೌರವದಿಂದ ಮುಂದಿನ ಕುರ್ಚಿ ಕೊಟ್ಟರು. ಕುರ್ಚಿಯ ಕೆಳಗೆ ಕಾಲು ಕಟ್ಟಿದ ಎರಡು ಕೋಳಿ ಇದ್ದವು. ಅವು ಕೊಕ್ಕ್ ಎಂದಾಗಲೆಲ್ಲ ಅಪ್ಪ ಧೋತರವನ್ನು ಒಂದು ಗೇಣು ಮೇಲೆ ಎತ್ತಿಕೊಳ್ಳುತ್ತಿದ್ದ. ಮೇಜಿನ ಮೇಲೆ ತತ್ತಿ, ಕೋಳಿ, ಒಣಮೀನಿನ ಪೊಟ್ಟಣ. ಪಾಪ, ಅವನು ತನ್ನ ಮಗಳ ಗೆಳತಿಗಾಗಿ ಏನು ಕೂಗಬೇಕು? ಅಷ್ಟರಲ್ಲಿ ಸಮಾಧಾನಪ್ಪ ಮಾಸ್ತರರು ಕುಂಬಳಕಾಯನ್ನು ಮತ್ತೆ ಎತ್ತಿ ಹಿಡಿದರು. ಅಪ್ಪನ ಮುಖ ಅರಳಿತು. ಯೋಹಾನಪ್ಪ ಒಂದು ಮಾತು ಕೂಗುವಷ್ಟರಲ್ಲಿ ಅಪ್ಪ ಪೇಟೆಯ ದನಿಯಲ್ಲಿ ಒಂದು ಮೊತ್ತ ಕೂಗಿದ. ಮಾಸ್ತರರು ಒಂದು ಸಲ, ಎರಡು ಸಲ ಎನ್ನುವುದನ್ನೇ ಮರೆತರು. ಜನ ಚಪ್ಪಾಳೆ ತಟ್ಟಿದರು. ನನಗೆ ಎದೆ ತುಂಬಿ ಬಂತು. ಅಪ್ಪ ಎದ್ದು ಹೋಗಿ ದುಡ್ಡು ಕೊಟ್ಟ. ಎಸ್ತರವ್ವನ ಕಡೆ ತಿರುಗಿ, "ಭಾರಿ ಮಾಲು ಬೆಳದೀರಿ, ತಂಗಿ" ಎಂದ. ಕುಂಬಳಕಾಯಿಯ ಕೆಳಗೆ ವಲ್ಲಿಯನ್ನು ಸಿಂಬಿ ಮಾಡಿ ಹೆಗಲ ಮೇಲೆ ಹೊತ್ತುಕೊಂಡ. ನಡೆದೇಬಿಟ್ಟ.

ಸಮಾಧಾನಪ್ಪ ಮಾಸ್ತರರ ಬಾಯಿ ಅರ್ಧ ತೆರೆದಿತ್ತು. ದೊಡ್ಡ ಅಕ್ಕೋರು ಅವರ ಕಡೆ ನೋಡಿ, ಬೇಡ ಎಂಬಂತೆ ತಲೆ ಅಲ್ಲಾಡಿಸಿದರು. ಊರ ಸಾಹುಕಾರರು ತಾವಾಗಿ ಬಂದಿದ್ದಾರೆ, ಇಷ್ಟು ಕೊಟ್ಟಿದ್ದಾರೆ, ಕಾಯಿ ಇಟ್ಟು ಹೋಗ್ರಿ ಎನ್ನುವುದು ಹೇಗೆ? ಅವರು ಮರ್ಯಾದೆಗಾಗಿ ಸುಮ್ಮನಿದ್ದರು, ಅಪ್ಪ ಮರ್ಯಾದೆಗಾಗಿ ಹೊತ್ತುಕೊಂಡು ಹೋದ. ಎರಡೂ ಕಡೆಯ ರೀತಿ ಗೊತ್ತಿದ್ದವಳು ಆ ಅಂಗಳದಲ್ಲಿ ನಾನೊಬ್ಬಳೇ. ಓಡಿ ಹೋಗಿ ಧೋತರ ಜಗ್ಗಿ ಒಂದು ಮಾತು ಹೇಳಬಹುದಿತ್ತು. ಅಷ್ಟು ಜನರ ಮುಂದೆ ಅಪ್ಪನ ತಪ್ಪು ಎತ್ತಿ ತೋರಿಸಲು ನನಗೆ ಬಾಯಿ ಬರಲಿಲ್ಲ. ತಲೆ ತಗ್ಗಿಸಿ ಅವನ ಹಿಂದೆ ನಡೆದೆ. ದಾರಿಯುದ್ದಕ್ಕೂ ಅವನು ಹೆಗಲು ಬದಲಿಸುತ್ತಾ, "ಎಂಥಾ ಕಾಯಿ ನೋಡ! ಹಂಚು ಆಕ್ಕಾವು ಬಿಡು" ಎನ್ನುತ್ತಿದ್ದ.

ಮನೆಯಲ್ಲಿ ಅವ್ವ ಅದನ್ನು ಹೆಚ್ಚಿದಳು. ಆ ವಾಸನೆ ಎದ್ದದ್ದು ಆಗ. ಅರ್ಧ ಕಾಯಿ ಪಲ್ಲೆಗೆ, ಅರ್ಧ ಗಾರಿಗೆಗೆ. ಕುಂಬಳಕಾಯಿ ಗಾರಿಗೆ ತಿಂದವರಿಗೆ ಹೇಳಬೇಕಾಗಿಲ್ಲ. ತಿನ್ನದವರಿಗಾಗಿ ಹೇಳುತ್ತೇನೆ, ಕಾಯಿಯ ತುರಿಯನ್ನು ಬೆಲ್ಲದಲ್ಲಿ ಬೇಯಿಸಿ, ಹಿಟ್ಟು ಹಾಕಿ ಕಲಸಿ, ತಟ್ಟಿ ಎಣ್ಣೆಯಲ್ಲಿ ಕರಿಯುತ್ತಾರೆ. ಬೀಜವನ್ನು ಅವ್ವ ತೊಳೆದು, ರೊಟ್ಟಿಯ ಹಂಚಿನ ಮೇಲೆ ಉಪ್ಪು ಹಾಕಿ ಹುರಿದು, ಒಂದು ಬಟ್ಟಲಿನಲ್ಲಿ ನನ್ನ ಮುಂದೆ ಇಟ್ಟಳು. ನಾನು ಸಮಾಜ ಪಾಠ ಓದುತ್ತಾ ಒಂದೊಂದೇ ಬೀಜವನ್ನು ಮುಂದಿನ ಹಲ್ಲಿನಿಂದ ಸೀಳಿ, ಒಳಗಿನ ತಿರುಳನ್ನು ತಿಂದು ಸಿಪ್ಪೆಯನ್ನು ಕಿಟಕಿಯಿಂದ ಹೊರಗೆ ಉಗುಳಿದೆ. ಒಂದನ್ನೂ ಬಿಡಲಿಲ್ಲ. ಆ ರುಚಿ ಈಗಲೂ ನಾಲಿಗೆಯ ಮೇಲಿದೆ, ಅದೇ ನನ್ನ ಶಿಕ್ಷೆ.

ಸೋಮವಾರ ಊಟದ ಹೊತ್ತಿನಲ್ಲಿ ನನ್ನ ಡಬ್ಬಿಯಲ್ಲಿ ಗಾರಿಗೆ ಇತ್ತು. ಅವ್ವ ಸುಗಂಧಾಳಿಗೆಂದೇ ನಾಲ್ಕು ಹೆಚ್ಚಿಗೆ ಹಾಕಿದ್ದಳು. ಸುಗಂಧಾ ಒಂದು ಮುರಿದು ಬಾಯಿಗೆ ಹಾಕಿಕೊಂಡಳು. ನಿಧಾನ ಅಗಿದಳು.

"ನಮ್ಮ ಕಾಯಿ" ಎಂದಳು.

"ಹೂಂ."

"ಛಲೋ ಆಗ್ಯಾವ." ಇನ್ನೊಂದು ಚೂರು ಮುರಿಯುತ್ತಾ ಕೇಳಿದಳು, "ಬೀಜ ಇಟ್ಟೀರಿ?"

"ಯಾಕ?"

"ಕಡೀಕ ಕೂಗಿದವರು ಕಾಯಿನ ಮನಿಯವರ ಕೈಯಾಗ ಕೊಡ್ತಾರ. ಅದು ರೂಢಿ. ಅವ್ವ ಅದಕ್ಕ ಅದನ್ನ ಇಟ್ಟಿದ್ಲು. ತಿರುಗಿ ಬರತೈತಿ, ಬೀಜ ತಗಿಯೋಣು, ಎಲ್ಲಿಗಿ ಹೋದ್ರೂ ಅಲ್ಲಿ ಹಚ್ಚೋಣು ಅಂದಿದ್ಲು. ಅಮ್ಮನ ಬಳ್ಳಿ ಅಲಾ." ಅವಳ ದನಿಯಲ್ಲಿ ದೂರು ಇರಲಿಲ್ಲ. "ಬೀಜ ಅಷ್ಟ ಕೊಟ್ರ ಸಾಕು" ಎಂದಳು.

ನಾನು ಅವಳ ಮುಖ ನೋಡಿ, "ಅದಾವ. ಅವ್ವ ಬೂದಿ ಹಚ್ಚಿ ಇಟ್ಟಾಳ" ಎಂದೆ.

ಅಂಥ ಸಲೀಸಾದ ಸುಳ್ಳು ಅದರ ಹಿಂದೆ ನಾನು ಹೇಳಿರಲಿಲ್ಲ, ಮುಂದೆಯೂ ಹೇಳಿದ ನೆನಪಿಲ್ಲ.

ಅಂದು ಸಂಜೆ ಅಪ್ಪನಿಗೆ ಲಿಲಾವಿನ ವಿಷಯ ಹೇಳಿದೆ. ಬೀಜದ ವಿಷಯ ಹೇಳಲಿಲ್ಲ. ಅಪ್ಪ ಬಾಯಿಯ ಎಲೆಯನ್ನು ಅಗಿಯುವುದು ನಿಲ್ಲಿಸಿದ. "ಎಲ್ಲಾರ ಮುಂದ ಹೊತ್ಕೊಂಡು ಬಂದ್ನೆಲ್ಲೋ, ಶಿವನ!" ಎಂದು ಹಣೆ ಒತ್ತಿಕೊಂಡ. ಮಾರನೆಯ ದಿನ ಶಾಲೆಗೆ ಹೋಗಿ ದೊಡ್ಡ ಅಕ್ಕೋರ ಮುಂದೆ ಕೈ ಮುಗಿದ. ಅವರು, "ಸಾಹುಕಾರ್ರ, ನಿಮ್ಮ ರೊಕ್ಕದಿಂದನ ಎಸ್ತರವ್ವಗ ಮಷಿನ್ ಬಂತು. ತಪ್ಪು ನಮ್ಮದು, ಹೇಳಬೇಕಾಗಿತ್ತು" ಎಂದರಂತೆ. ಅಪ್ಪ ಹಂಚಿಗೂ ಕೊಡುತ್ತೇನೆ ಎಂದ. ಆದರೆ ದಾನಪ್ಪ ಒಪ್ಪಲಿಲ್ಲ. "ಎಲ್ಲಾರೂ ಸೇರಿ ಕೊಟ್ಟದ್ದು ಬ್ಯಾರೆರಿ. ಒಬ್ಬರ ಕಡೆ ಇಸಗೊಳ್ಳೋದು ಬ್ಯಾರೆರಿ" ಎಂದ. ಆ ಕಾಯಿ ಇನ್ನು ನಾಲ್ಕು ಸಲ ತಿರುಗಿದ್ದರೆ ಹಂಚು ಬರುತ್ತಿತ್ತು ಎಂಬುದು ಅಂದಿನಿಂದ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಅವರು ಹೊರಟರು. ಮೊದಲು ಯಲವಿಗಿಯಲ್ಲಿದ್ದ ಸೋದರತ್ತೆಯ ಮನೆಯಲ್ಲಿ ಎರಡು ದಿನ ಇದ್ದು, ಅಲ್ಲಿಂದ ರೈಲಿನಲ್ಲಿ ಹರಿಹರಕ್ಕೆ ಹೋಗುವುದೆಂದು ನಿಶ್ಚಯವಾಯಿತು. ಅಷ್ಟರಲ್ಲಿ ನಾನು ಕಾಯಿಪಲ್ಲೆ ಪೇಟೆಯಲ್ಲಿ ಕೊಯ್ದ ಕುಂಬಳಕಾಯಿ ಹುಡುಕಿ, ಮಾರುವವಳನ್ನು ಕಾಡಿ ಬೇಡಿ ಹನ್ನೊಂದು ಬೀಜ ಸಂಪಾದಿಸಿದೆ. ದಪ್ಪನೆಯವನ್ನೇ ಆರಿಸಿದ್ದೆ. ಒಣಗಿಸಿದೆ, ಒಲೆಯ ಬೂದಿ ಹಚ್ಚಿದೆ, ಅಪ್ಪನ ಹಳೆಯ ವಲ್ಲಿಯ ಚೂರಿನಲ್ಲಿ ಕಟ್ಟಿದೆ. ಹಾನಗಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ, ಹೊಸ ಮಷಿನನ್ನು ಬಸ್ಸಿನ ಮೇಲೆ ಏರಿಸುತ್ತಿರುವಾಗ, ಆ ಗಂಟನ್ನು ಸುಗಂಧಾಳ ಕೈಯಲ್ಲಿಟ್ಟೆ. ಅವಳು ಬಿಚ್ಚಿ ನೋಡಿದಳು. ಶಾಲೆಯವರು ಕೊಟ್ಟ ಹೊಸ ಕಂಪಾಸ್ ಪೆಟ್ಟಿಗೆಯಲ್ಲಿ ಹಾಕಿಕೊಂಡಳು. "ಪತ್ರ ಬರಿ" ಎಂದಳು. ವಿಳಾಸ ಅವಳಿಗೇ ಗೊತ್ತಿರಲಿಲ್ಲ. ಹೋದ ಮೇಲೆ ತಾನೇ ಬರೆಯುತ್ತೇನೆ ಎಂದಳು, ಬರೆಯಲಿಲ್ಲ. ಕಾಯಿ ಬಿಟ್ಟಿರಬೇಕು, ಸುಳ್ಳು ಹೊರಗೆ ಬಿದ್ದಿರಬೇಕು, ಅದಕ್ಕೇ ಬರೆಯಲಿಲ್ಲ ಎಂದು ನಾನು ತೀರ್ಮಾನ ಮಾಡಿಕೊಂಡೆ.

ಅಪ್ಪ ಆಮೇಲೆ ಬದುಕಿರುವವರೆಗೂ ಶಾಲೆಯ ಒಂದು ಲಿಲಾವನ್ನೂ ತಪ್ಪಿಸಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಕೂರುತ್ತಿದ್ದ. ಕೋಳಿಗೂ ಕೂಗುತ್ತಿದ್ದ, ಮುಟ್ಟುತ್ತಿರಲಿಲ್ಲ, ಕುರ್ಚಿಯಲ್ಲಿ ಕೂತಲ್ಲಿಂದಲೇ "ತಿರುಗಿ ಹಚ್ರಿ!" ಎಂದು ಇಡೀ ಅಂಗಳಕ್ಕೆ ಕೇಳುವಂತೆ ಒದರುತ್ತಿದ್ದ. ಒಂದು ಸಲ ಪೇಟೆಯಲ್ಲಿ ಅಡಿಕೆಯ ಲಿಲಾವಿನಲ್ಲಿಯೂ ರೂಢಿಯಿಂದ ಹಾಗೇ ಅಂದುಬಿಟ್ಟ, ಉಳಿದ ದಲಾಲರು ವರ್ಷಗಟ್ಟಲೆ ನಗಾಡಿದರು. ಅವನು ತನ್ನ ತಪ್ಪನ್ನು ಹೀಗೆ ತೀರಿಸಿಕೊಂಡ. ನನ್ನದನ್ನು ತೀರಿಸುವ ದಾರಿ ನನಗೆ ಸಿಗಲಿಲ್ಲ.

ಮಾಸೂರಿಗೆ ಮದುವೆಯಾಗಿ ಬಂದೆ, ಹಿರೇಕೆರೂರಿನಲ್ಲಿ ನೌಕರಿ ಮಾಡಿದೆ. ಹರಿಹರದ ಕಡೆಯವರು ಯಾರೇ ಸಿಗಲಿ, ಬಸ್ಸಿನಲ್ಲಿ, ಮದುವೆಯಲ್ಲಿ, ತರಬೇತಿಯಲ್ಲಿ, ಹರಿಹರ ಎಂದರೆ ನಾಲ್ಕು ಮನೆಯ ಓಣಿ ಎಂಬಂತೆ ಕೇಳುತ್ತಿದ್ದೆ, "ಅಲ್ಲಿ ಸುಗಂಧಾ ಅಂತ ಗೊತ್ತೇನ್ರಿ?" ಯಾರಿಗೂ ಗೊತ್ತಿರಲಿಲ್ಲ. ನನ್ನ ಯಜಮಾನರು ಇದನ್ನು ಹೇಳಿ ಹೇಳಿ ನನ್ನನ್ನು ಕಾಡುತ್ತಿದ್ದರು.

ಸಂತೆಯಿಂದ ಏನೂ ಕೊಳ್ಳದೆ ಬಂದ ಸಂಜೆ, ಲಿಲಾವಿಗೆ ಏನು ತರಲಿ ಎಂದು ಕೇಳಲು ಸ್ನೇಹಲತಾಳಿಗೆ ಫೋನ್ ಮಾಡಿದೆ. ಮಾತಿನ ನಡುವೆ ಯಾವ ಊರವಾ ನಿಂದು ಎಂದೆ.

"ಹರಿಹರ್ರಿ."

ನಾನು ನನ್ನ ಪ್ರಶ್ನೆ ಕೇಳಿದೆ. ಉತ್ತರಕ್ಕೆ ಕಾಯದೆ ಮುಂದಿನ ಮಾತಿಗೆ ಹೋಗುವಷ್ಟು ಅದು ಸವೆದಿತ್ತು.

"ಹೊಲಿಗಿ ಎಸ್ತರಮ್ಮನ ಮಗಳೇನ್ರಿ? ನಮ್ಮ ಚರ್ಚಿನೋರ. ನಮ್ಮ ದೊಡ್ಡಮ್ಮ ಆಗಬೇಕ್ರಿ. ನಂಬರ್ ಕಳಸಲೇನ್ರಿ?"

ನಂಬರ್ ಬಂದ ಮೇಲೆ ಒಂದು ದಿನ ಸುಮ್ಮನೆ ಕೂತೆ. ಮರುದಿನ ಮಧ್ಯಾಹ್ನ ಒತ್ತಿದೆ. ಆ ಕಡೆ ಒಬ್ಬ ಮುದುಕಿಯ ದನಿ. ನನಗೆ ಸಂಶಯ ಬಂತು. ನನ್ನ ದನಿ ಕೇಳಿ ಅವಳಿಗೂ ಬಂದಿರಬೇಕು. ಹಾನಗಲ್, ದಲಾಲಿ ಅಂಗಡಿ ಎಂದೆ. "ಲಂಬೂ?" ಎಂದಳು. ನನ್ನ ಎತ್ತರಕ್ಕಾಗಿ ನನ್ನನ್ನು ಹಾಗೆ ಕರೆದವರು ಈ ಲೋಕದಲ್ಲಿ ಬೇರೆ ಯಾರೂ ಇಲ್ಲ.

ಕ್ಷೇಮ ಸಮಾಚಾರಕ್ಕೂ ಮೊದಲು ನಾನು ಒಂದೇ ಉಸಿರಿಗೆ ಹೇಳಿಬಿಟ್ಟೆ: "ಸುಗಂಧಾ, ಆ ಬೀಜ ನಿಮ್ಮವಲ್ಲ. ನಿಮ್ಮವನ್ನ ನಾ ಹುರಕೊಂಡು ತಿಂದೇನಿ."

"ಗೊತ್ತೈತಿ" ಎಂದಳು ಅವಳು. "ಮೊದಲನೇ ಕಾಯಿ ಬಿಟ್ಟಾಗನ ಗೊತ್ತಾತು. ನಮ್ಮದು ಚಪ್ಪಟಿ, ಇದು ಸೋರಿಕಾಯಿ ಹಂಗ ಉದ್ದ! ನನಗ ಸಿಟ್ಟು ಬಂದು ಬಳ್ಳಿ ಕಿತ್ತು ಒಗಿಯಾಕ ಹೋಗಿದ್ದೆ. ಅವ್ವ ಬಿಡಲಿಲ್ಲ. ಆ ಹುಡುಗಿ ಎಲ್ಲಿಂದ ಹುಡುಕಿ ತಂದ್ಲೋ, ಬೂದಿ ಹಚ್ಚಿ ಕಟ್ಟಿ ಕೊಟ್ಟಾಳ, ಅದಕ್ಕೂ ನೀರು ಹಾಕು ಅಂದ್ಲು. ವರ್ಷಾ ಬೀಜ ತಗದು ವರ್ಷಾ ಹಚ್ಚೇವಿ. ನಮ್ಮ ಮನ್ಯಾಗ ಸಣ್ಣ ಹುಡುಗರೂ ಅದಕ್ಕ ಲಂಬೂನ ಬಳ್ಳಿ ಅಂತಾರ. ಲಂಬೂ ಯಾರಂತ ಯಾರಿಗೂ ಗೊತ್ತಿಲ್ಲ."

ಇಷ್ಟು ವರ್ಷ ತಲೆಯಲ್ಲಿ ಕೂತದ್ದನ್ನು ಕೇಳಿದೆ, "ಹಂಚು ಬಂದಿದ್ರ ನೀವು ಇರ್ತಿದ್ರೇನು?"

ಅವಳು ಸಮಾಧಾನದ ಮಾತು ಹೇಳುತ್ತಾಳೆ ಎಂದುಕೊಂಡಿದ್ದೆ. "ಇರ್ತಿದ್ವಿ" ಎಂದಳು. "ಅಪ್ಪಗ ಹಾನಗಲ್ ಬಿಡೂ ಮನಸಿರಲಿಲ್ಲ. ಇಲ್ಲಿ ಗಿರಣ್ಯಾಗ ದುಡಿದ್ರೂ, ಶಾಲಿ ಹೊತ್ತಾತಂದ್ರ ಅವನ ಕೈ ಗಂಟಿ ಹಗ್ಗ ಹುಡುಕತಿತ್ತು." ಆಮೇಲೆ, "ನಾ ಪತ್ರ ಬರೀಬೇಕಾಗಿತ್ತು. ಸಿಟ್ಟಿನ್ಯಾಗ ಒಂದು ವರ್ಷ ಬಿಟ್ಟೆ. ಆಮ್ಯಾಲ ನಾಚಿಕಿ ಬಂತು" ಎಂದಳು.

ಭಾನುವಾರ ಬಾ ಎಂದೆ. ಮೊಣಕಾಲು, ಬಸ್ಸು ಹತ್ತಲಾರೆ ಎಂದಳು. ನಾನೇ ಬರುತ್ತೇನೆ ಎಂದೆ. ಹೋಗುತ್ತೇನೆ, ಖಂಡಿತ ಹೋಗುತ್ತೇನೆ. ಆದರೆ ನಿಮ್ಮ ಮುಂದೆ ಯಾಕೆ ಮುಚ್ಚಿಡಲಿ, ಹರಿಹರದಲ್ಲಿ ನನಗೆ ಸಿಗುವುದು ಒಬ್ಬ ಒಳ್ಳೆಯ ಮುದುಕಿ. ಬೆಂಚಿನ ಆ ಕುಳ್ಳಿ, ಒಡೆದ ತತ್ತಿಗೆ ನಕ್ಕವಳು, ಅವಳು ಬೇಕು ನನಗೆ. ಅವಳ ಜೊತೆ ಕಳೆಯಬೇಕಾಗಿದ್ದ ಎಂಟನೆಯ ಇಯತ್ತೆ ಬೇಕು, ಒಂಬತ್ತನೆಯದು ಬೇಕು. ಅವನ್ನು ಯಾರೂ ತಿರುಗಿ ಹಚ್ಚುವುದಿಲ್ಲ.

ಭಾನುವಾರ ಒಂದು ತೆಂಗಿನಕಾಯಿ ಹಿಡಿದುಕೊಂಡು ಹಾನಗಲ್ಲಿಗೆ ಹೋದೆ. ಬೇವಿನ ಮರ ಇಲ್ಲ, ಅಲ್ಲಿ ಶಾಮಿಯಾನ ಹಾಕಿದ್ದರು. ಸ್ನೇಹಲತಾ ಊರಿನಿಂದ, ಸುಗಂಧಾಳ ಹಿತ್ತಲಿನಿಂದ, ತರಿಸಿದ ಒಂದು ಉದ್ದನೆಯ ಕುಂಬಳಕಾಯಿ ಮೇಜಿನ ಮೇಲಿತ್ತು. ಹಿಂದೊಮ್ಮೆ ನನ್ನ ಅಂಗೈಯಲ್ಲಿದ್ದ ಹನ್ನೊಂದು ಬೀಜಗಳ ಸಂತತಿ ಅದು. ನಾನು ಕೂಗಿದೆ. ನನ್ನ ದನಿ ಅಪ್ಪನ ದನಿಯಂತೆಯೇ ಗಟ್ಟಿಯಾಗಿ ಹೊರಟಿತು. ಕಾಯಿ ನನ್ನ ಕೈಗೆ ಬಂತು. ಎದೆಗೆ ಅವಚಿಕೊಂಡು ನಿಂತೆ. ಸುಳ್ಳು ಹೇಳಲಾರೆ, ಅಪ್ಪನ ಹಾಗೆ ಹೊತ್ತುಕೊಂಡು ನಡೆದುಬಿಡೋಣ ಎನಿಸಿತು. ಎಲ್ಲರೂ ಕಾಯುತ್ತಿದ್ದರು.

"ತಿರುಗಿ ಹಚ್ರಿ" ಎಂದೆ.

ಅದು ಒಂಬತ್ತು ಸಲ ತಿರುಗಿತು. ಕೊನೆಗೆ ಕೂಗಿದವರು ಅದನ್ನು ಫಕೀರವ್ವನ ಕೈಗೆ ಕೊಟ್ಟರು. ಅವಳು ಅಳುತ್ತಿದ್ದಳು, ಕಾಯನ್ನು ಪಕ್ಕದಲ್ಲಿದ್ದ ಮಗಳ ಕೈಗೆ ದಾಟಿಸಿದಳು. ಹತ್ತು ಹನ್ನೊಂದರ ಹುಡುಗಿ. ಕಾಯಿ ಅವಳ ಗದ್ದದವರೆಗೂ ಬರುತ್ತಿತ್ತು. ನಾನು ಅವಳ ಹತ್ತಿರ ಹೋಗಿ ಬಗ್ಗಿದೆ.

"ಇದರ ಬೀಜ ತಿನ್ನಬ್ಯಾಡವಾ. ತಗದು ಬೂದಿ ಹಚ್ಚಿ ಇಡು."

"ಎಲ್ಲಾನೂ ಏನ್ರಿ?" ಎಂದಳು ಅವಳು. ಆಸೆಯ ಹುಡುಗಿ. ಹುರಿದ ಬೀಜದ ರುಚಿ ಗೊತ್ತಿದ್ದವಳು.

"ಒಂದಿಷ್ಟು ತಿನ್ನು. ಹನ್ನೊಂದು ಉಳಸು."

ಅವಳು ಲೆಕ್ಕ ಹಾಕುವವಳಂತೆ ಕಾಯಿಯ ಕಡೆ ನೋಡಿದಳು, ಆಮೇಲೆ ನನ್ನ ಕಡೆ. "ನಿಮಗೆರಡು ಇಡ್ಲೇನ್ರಿ?"

ನನ್ನ ಹಿತ್ತಲಲ್ಲಿ ನನ್ನ ಬಳ್ಳಿ ಇಲ್ಲ ಎಂಬುದು ಅವಳಿಗೆ ಹೇಗೆ ಗೊತ್ತಾಯಿತೋ! "ಇಡವಾ, ಬಂದು ಒಯ್ತೇನಿ" ಎಂದೆ. ಅಂದು ಅಪ್ಪ ಹೆಗಲು ಬದಲಿಸುತ್ತಾ ನಡೆದ ಅದೇ ದಾರಿಯಲ್ಲಿ, ಬರಿಗೈ ಬೀಸಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ.